ಜಮಖಂಡಿಯಿಂದ ರಷ್ಯಾಕ್ಕೆ, ದಾರಿಯುದ್ದಕ್ಕೂ ಗುಮಾನಿ

ಪ್ರಾರ್ಥನೆಯ ಮಂದಿ ನಾಲ್ಕು ಜನ ಕೂಡಿ ಕೈಯಲ್ಲಿ ಚೀಲ ಹಿಡಿದು ಹೊರಟರೆ ಸಾಕು, ನೋಡಿದವರಿಗೆ ಏನಾದರೂ ಒಂದು ಗುಮಾನಿ ಬಂದೇ ಬರುತ್ತದೆ. ಬಸ್‌ಸ್ಟ್ಯಾಂಡಿನಿಂದ ಹಿಡಿದು ವಿಮಾನದವರೆಗೆ ನನಗೆ ಇದರ ಅನುಭವವಿದೆ. ನಮಗೂ ಅವರ ಮೇಲೆ ಗುಮಾನಿ ಇರುತ್ತದೆ ಅನ್ನುವುದು ಬೇರೆ ಮಾತು.

ನಾನು ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಸಿಸ್ಟರ್. ಕೊರೋನಾ ಕಾಲದಲ್ಲಿ ನಮ್ಮ ಚರ್ಚಿನ ಸಭೆಯವರಿಗೂ ರಷ್ಯಾದ ಒಂದು ಸಣ್ಣ ಊರಿನ ಸಭೆಯವರಿಗೂ ಫೋನಿನಲ್ಲಿ ಕೂಡಿ ಪ್ರಾರ್ಥನೆ ಮಾಡುವ ರೂಢಿ ಬಿತ್ತು. ಮೊನ್ನೆ ಮೊನ್ನೆ ಅವರು ಒಮ್ಮೆ ಬಂದು ಹೋಗಿರಿ ಎಂದು ಕರೆದರು. ಹೋದವರು ಐದು ಮಂದಿ: ಬೀಳಗಿಯ ನಮ್ಮ ಪಾಸ್ಟರು, ನೀರಾವರಿ ಇಲಾಖೆಯಿಂದ ನಿವೃತ್ತರಾದ ಮುಧೋಳದ ಹಿರಿಯರು, ಬನಹಟ್ಟಿಯಲ್ಲಿ ಮಗ್ಗ ಇಟ್ಟುಕೊಂಡಿರುವ ಅಣ್ಣ, ಸಾವಳಗಿಯ ದೊಡ್ಡವ್ವ, ಮತ್ತೆ ನಾನು.

ಸಿಗ್ನಲ್

ಜಮಖಂಡಿಯಲ್ಲಿ ಬಿಸಿಲು ರೊಟ್ಟಿ ಹಂಚಿನಂತೆ ಕಾಯ್ದಿರುವಾಗ ನಾವು ಸ್ವೆಟರ್ ಕೊಳ್ಳಲು ಹೋದೆವು. ಅಂಗಡಿಯವರು ಫ್ಯಾನಿನ ಕೆಳಗೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಐದು ಸ್ವೆಟರ್, ಐದು ಕಿವಿ ಟೊಪ್ಪಿಗೆ ಅಂದ ಕೂಡಲೇ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

"ಎಲ್ಲಿಗೆ ಹೊಂಟೀರಿ?"

"ರಷ್ಯಾಕ್ಕ," ಅಂದರು ಪಾಸ್ಟರು.

ಅವರು ಮಾತು ಸಣ್ಣಗೆ ಮಾಡಿದರು. "ಯಾರೋ ಏಜೆಂಟ ನೌಕರಿ ಕೊಡಸ್ತೀನಿ ಅಂದಾನೇನ್ರಿ? ಅಲ್ಲಿ ಒಯ್ದು ಕೈಯಾಗ ಬಂದೂಕ ಕೊಡ್ತಾರಂತ. ಟೀವಿಯಾಗ ನೋಡೇನಿ."

ದೊಡ್ಡವ್ವ ಟೊಪ್ಪಿಗೆ ಹಾಕಿಕೊಂಡು ಕನ್ನಡಿ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಎಪ್ಪತ್ತರ ಹತ್ತಿರ ವಯಸ್ಸು, ಮೊಣಕಾಲು ನೋವು. ಅಂಗಡಿಯವರು ಅವಳನ್ನು ನೋಡಿ ಸ್ವಲ್ಪ ಯೋಚನೆ ಮಾಡಿ, "ಇವರನ್ನ ಒಯ್ದ್ರ ಅವರಿಗೇ ಲುಕ್ಸಾನ," ಎಂದು ಬಿಲ್ಲು ಮಾಡಿದರು.

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಪ್ಪ ಸಾವಳಗಿಗೆ ಬಂದ. ದೊಡ್ಡವ್ವನಿಗೆ ಚಹಾ ಮಾಡಲೂ ಬಿಡದೆ ಕೇಳತೊಡಗಿದ.

"ಆಯಿ, ರಷ್ಯಾದಾಗ ಏನ್ ಕೆಲಸ ನಿಮ್ಮದು?"

"ಪ್ರಾರ್ಥನಾ ಮಾಡೂದೈತಿ. ಅಲ್ಲಿ ನನ್ನ ಗೆಳತಿ ಒಬ್ಬಾಕಿ ಅದಾಳ."

"ಪ್ರಾರ್ಥನಾ ಸಾವಳಗ್ಯಾಗ ಕುಂತು ಮಾಡಾಕ ಬರೂದಿಲ್ಲೇನು? ಇಲ್ಲಿಂದ ಮಾಡಿದ್ರ ದೇವರಿಗೆ ಕೇಳೂದಿಲ್ಲ?"

"ದೇವರಿಗೆ ಕೇಳ್ತೈತೋ ಯಪ್ಪಾ," ಅಂದಳು ದೊಡ್ಡವ್ವ. "ಆಕಿಗೇ ಕೇಳೂದಿಲ್ಲ. ನಡಬರಕ ಸಿಗ್ನಲ್ ಹೋಗಿಬಿಡ್ತೈತಿ."

ಖಡಕ್ ರೊಟ್ಟಿ

ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಎಲ್ಲರೂ ಹೊರಗೆ ಹೋದರು, ನಮ್ಮ ಐದು ಮಂದಿಯನ್ನು ಒಂದು ಕಡೆ ನಿಲ್ಲಿಸಿದರು. ಚೀಲಗಳು ಮಷೀನಿನೊಳಗೆ ಹೋದಾಗ ಪರದೆಯ ಮೇಲೆ ಒಂದರ ಮೇಲೊಂದು ಪೇರಿಸಿದ ದುಂಡನೆಯ ತಟ್ಟೆಗಳು ಕಂಡವಂತೆ. ಪಕ್ಕದ ಡಬ್ಬಿಯಲ್ಲಿ ಕೆಂಪು ಪುಡಿ.

ತಟ್ಟೆ ಅಂದರೆ ಖಡಕ್ ರೊಟ್ಟಿ. ಪುಡಿ ಅಂದರೆ ಶೇಂಗಾ ಚಟ್ನಿ. ಅಲ್ಲಿಯ ಅಧಿಕಾರಿಗೆ ಇದನ್ನು ಹೇಳುವುದು ಹೇಗೆ? ಪಾಸ್ಟರು ಇಂಗ್ಲಿಷಿನಲ್ಲಿ "ಬ್ರೆಡ್" ಅಂದರು. ಅಧಿಕಾರಿ ಒಂದು ರೊಟ್ಟಿ ತೆಗೆದು ಬೆರಳಿನಿಂದ ಬಡಿದು ನೋಡಿದ. ಟಣ್ ಟಣ್ ಅಂತು. ಬ್ರೆಡ್ ಎಲ್ಲಿಯಾದರೂ ಟಣ್ ಅನ್ನುತ್ತದೆಯೇ ಎಂಬಂತೆ ನಮ್ಮನ್ನು ನೋಡಿ ನಾಯಿಯನ್ನು ಕರೆಸಿದ.

ನಾಯಿ ಬಂತು. ಮುಧೋಳದ ಹಿರಿಯರ ಮುಖದ ಮೇಲೆ ಮೊದಲ ಸಲ ಗೆಲುವು ಕಂಡಿತು. ಅವರು ನಾಯಿಯನ್ನು ಬಾಲದಿಂದ ಮೂತಿಯವರೆಗೆ ಪರೀಕ್ಷೆ ಮಾಡಿ, "ನಡಾ ದಪ್ಪಾತು. ಓಡಾಕ ಬರೂದಿಲ್ಲ. ನಮ್ಮ ಕಡಿ ನಾಯಿ ಮುಂದ ಇದು ಎಮ್ಮಿ," ಅಂದರು. ನಾಯಿ ಡಬ್ಬಿಯೊಳಗೆ ಮೂತಿ ಇಟ್ಟು ಜೋರಾಗಿ ಒಂದು ಉಸಿರು ಎಳೆದುಕೊಂಡಿತು. ಆಮೇಲೆ ಸೀನಲು ಶುರು ಮಾಡಿದ್ದು ನಿಲ್ಲಲಿಲ್ಲ. ಇನ್ನೂ ಮೂರು ಜನ ಸಿಪಾಯಿಗಳು ಓಡಿ ಬಂದರು.

ಬನಹಟ್ಟಿ ಅಣ್ಣ ಹೆದರಿ ರೊಟ್ಟಿ ಮುರಿದು ಚಟ್ನಿ ಹಚ್ಚಿ ತಿಂದು ತೋರಿಸಿದರು. ಅಧಿಕಾರಿ ಉಳಿದ ನಾಲ್ವರ ಕಡೆಗೂ ಕೈ ಮಾಡಿದ. ನಾವೂ ತಿಂದೆವು. ಅಷ್ಟು ಬೆಳಕಿನಲ್ಲಿ, ಅಷ್ಟು ಜನ ಪೊಲೀಸರ ನಡುವೆ ನಿಂತು ಕಟಂ ಕುಟುಂ ಎಂದು ರೊಟ್ಟಿ ತಿಂದದ್ದು ನನಗಂತೂ ಮೊದಲ ಸಲ. ಕೊನೆಗೆ ಅಧಿಕಾರಿಗೂ ಮನಸ್ಸು ತಡೆಯಲಿಲ್ಲ. ಒಂದು ಚಮಚದಷ್ಟು ಚಟ್ನಿ ಬಾಯಿಗೆ ಹಾಕಿಕೊಂಡ. ಮುಖ ಟೊಮೆಟೊ ಆಯಿತು, ಕಣ್ಣಲ್ಲಿ ನೀರು ಬಂತು, ಬಾಯಿಂದ ಒಂದೇ ಒಂದು ಶಬ್ದ ಹೊರಬಿತ್ತು. ನಮ್ಮನ್ನು ಬಿಟ್ಟುಬಿಟ್ಟ.

ಇದೇನೋ ಆಶೀರ್ವಾದ ಇರಬೇಕೆಂದು ಪಾಸ್ಟರು ಆ ಶಬ್ದವನ್ನು ಬಾಯಿಪಾಠ ಮಾಡಿಕೊಂಡರು. ಆ ಊರಿನ ಸಭೆಯಲ್ಲಿ ಇಂಗ್ಲಿಷ್ ಟೀಚರ್ ಒಬ್ಬರು ನಮಗೆ ದುಭಾಷಿ. ಅವರ ಮುಂದೆ ಪಾಸ್ಟರು ಅದನ್ನು ಸ್ಪಷ್ಟವಾಗಿ ಹೇಳಿ ಅರ್ಥ ಕೇಳಿದರು. ಟೀಚರ್ ಕಿವಿ ತುದಿಯವರೆಗೂ ಕೆಂಪಾಗಿ, "ದಯವಿಟ್ಟು ಸಭೆಯ ವೇದಿಕೆಯ ಮೇಲೆ ಮಾತ್ರ ಹೇಳಬೇಡಿ," ಅಂದರು.

ಖರೆ ಮನಷ್ಯಾಳು

ದೊಡ್ಡವ್ವನ ಗೆಳತಿಯ ವಿಷಯ ಹೇಳಬೇಕು. ಇಬ್ಬರೂ ಫೋನಿನಲ್ಲಿ ಮುಖ ನೋಡಿಕೊಂಡು ಪ್ರಾರ್ಥನೆ ಮಾಡುವರು. ಇವಳದು ಕನ್ನಡ, ಆಕೆಯದು ರಷ್ಯನ್. ಇಬ್ಬರೂ ಕೂಡುವುದು "ಆಮೆನ್" ಒಂದರಲ್ಲೇ. ಆದರೆ ಈಗೀಗ ಇಲ್ಲದ ಮನುಷ್ಯರನ್ನೂ ತಯಾರು ಮಾಡಿ ಫೋನಿನಲ್ಲಿ ತೋರಿಸುತ್ತಾರೆ ಎಂದು ಮನೆಯಲ್ಲಿ ಯಾರೋ ಹೇಳಿದ ಮೇಲೆ ದೊಡ್ಡವ್ವನ ತಲೆಯಲ್ಲಿ ಹುಳ ಹೊಕ್ಕಿತ್ತು.

ಮಾಸ್ಕೋದಿಂದ ಆ ಊರಿಗೆ ಹೋಗುವ ರೈಲಿನಲ್ಲಿ ನನ್ನ ಕಿವಿಯಲ್ಲಿ ಹೇಳಿದಳು: "ನೋಡವಾ, ಆಕಿ ಯಾವಾಗ್ಲೂ ಅದೇ ನೀಲಿ ಅರಿವಿ ತಲಿಗೆ ಕಟ್ಟಿರ್ತಾಳ. ಹಿಂದ ಅದೇ ಹೂವಿನ ಗ್ವಾಡಿ. ಖರೆ ಹೆಣಮಗಳಾಗಿದ್ರ ಒಂದಿನಾರ ಬದಲ ಮಾಡ್ತಿದ್ದಿಲ್ಲೇನು?"

ಸ್ಟೇಷನ್ನಿನಲ್ಲಿ ಸಭೆಯವರೆಲ್ಲ ಹೂ ಹಿಡಿದು ನಿಂತಿದ್ದರು. ಮುಂದೆ ನೀಲಿ ಅರಿವೆ ಕಟ್ಟಿಕೊಂಡು ಆ ಅಜ್ಜಿ. ದೊಡ್ಡವ್ವ ಮೆಲ್ಲಗೆ ಇಳಿದು, ನೆಟ್ಟಗೆ ಆಕೆಯ ಹತ್ತಿರ ಹೋಗಿ, ವಂದನೆ ಗಿಂದನೆ ಏನೂ ಇಲ್ಲದೆ ಗಲ್ಲ ಹಿಡಿದು ಚೂಟಿದಳು. ಪಾಸ್ಟರು ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಆ ಅಜ್ಜಿ ಕೈಯಲ್ಲಿದ್ದ ಹೂ ಪಕ್ಕದವರಿಗೆ ಕೊಟ್ಟು ದೊಡ್ಡವ್ವನ ಗಲ್ಲವನ್ನು ಅದಕ್ಕಿಂತ ಜೋರಾಗಿ ಚೂಟಿದಳು.

ಟೀಚರ್ ನಾಚಿಕೆಯಿಂದ ಹೇಳಿದರು: "ಕ್ಷಮಿಸಿ. ನೀವು ಯಾರೂ ನಿಜವಾಗಿ ಇಲ್ಲ, ಎಲ್ಲ ಕಂಪ್ಯೂಟರ್ ಎಂದು ಇವರ ಮನೆಯಲ್ಲಿ ಹೇಳಿದ್ದಾರಂತೆ."

ದೊಡ್ಡವ್ವ ಗಲ್ಲ ತಿಕ್ಕಿಕೊಂಡು ನಮ್ಮ ಕಡೆ ತಿರುಗಿದಳು. "ಖರೆ ಅದಾಳವಾ. ಮೊಬೈಲ್ ಇಷ್ಟು ಉರಿಯೂದಿಲ್ಲ."

ನಗು

ಇದು ಸಣ್ಣದು, ನನ್ನದು. ಆಸ್ಪತ್ರೆಯ ಅಭ್ಯಾಸ, ಎದುರಿಗೆ ಯಾರು ಬಂದರೂ ನಾನು ನಗುತ್ತೇನೆ. ಆ ಊರಿನ ಬೀದಿಯಲ್ಲೂ ಹಾಗೇ ಮಾಡಿದೆ. ಒಬ್ಬ ಹೆಂಗಸು ಚೀಲವನ್ನು ಎದೆಗವಚಿಕೊಂಡಳು. ಒಬ್ಬ ಮುದುಕ ತನ್ನ ಅಂಗಿಯ ಗುಂಡಿಗಳು ಸರಿಯಾಗಿವೆಯೇ ಎಂದು ನೋಡಿಕೊಂಡ. ನಾವು ಇಳಿದುಕೊಂಡಿದ್ದ ಮನೆಗೆ ಬಂದಾಗ ಟೀಚರ್ ಬಹಳ ಮೆತ್ತಗೆ ಕೇಳಿದರು, "ಸಿಸ್ಟರ್, ನಮ್ಮ ಬೀದಿಯವರು ವಿಚಾರಿಸುತ್ತಿದ್ದಾರೆ. ನಿಮಗೆ ಈ ತೊಂದರೆ ಯಾವಾಗಿನಿಂದ ಇದೆ?"

ನೆಗಡಿ

ಅಲ್ಲಿಯ ವಿಶ್ವಾಸಿಗಳಲ್ಲಿ ಗಂಡಸರು ಗಂಡಸರ ತುಟಿಗೆ ಮುತ್ತಿಟ್ಟು ವಂದಿಸುತ್ತಾರೆ. ಬೈಬಲ್ಲಿನಲ್ಲಿ ನಾವೂ ಇದನ್ನು ಓದಿದ್ದೆವು, ಯಾರೂ ಖರೇನೇ ಮಾಡಿದ್ದು ನೋಡಿರಲಿಲ್ಲ. ಮೊದಲ ದಿನ ಪಾಸ್ಟರು ಕಣ್ಣು ಮುಚ್ಚಿ ನಿಂತರು, ಆತು. ಹಿರಿಯರು ಹೇಗೋ ಗಲ್ಲ ಕೊಟ್ಟು ಪಾರಾದರು. ಬನಹಟ್ಟಿ ಅಣ್ಣ ಮಾತ್ರ ದೊಡ್ಡ ಮೀಸೆಯ ಹಿಂದೆ ಬೆವರತೊಡಗಿದರು.

"ಸಿಸ್ಟರ್, ಇದರಾಗ ಏನೋ ಐತ್ರಿ," ಅಂದರು ನನಗೆ. "ನನ್ನ ಹೇಣ್ತಿಗೆ ಗೊತ್ತಾದ್ರ ಮನಿ ಬಾಗಲಾ ತಗಿಯೂದಿಲ್ಲ."

ಮರುದಿನ ಬೆಳಿಗ್ಗೆ ಅವರು ಮಾಸ್ಕ್ ಹಾಕಿಕೊಂಡು ಬಂದರು. ಯಾರು ಹತ್ತಿರ ಬಂದರೂ ಮೂಗು ತೋರಿಸಿ ಸೊರ್ ಅನ್ನುವರು. ನೆಗಡಿಯಂತೆ. ಉಪಾಯ ಫಲಿಸಿತು, ಯಾರೂ ಮುತ್ತಿಡಲಿಲ್ಲ. ಆದರೆ ಪರದೇಶದ ಅಣ್ಣನಿಗೆ ನೆಗಡಿ ಬಂದಿದೆ ಎಂಬ ಸುದ್ದಿ ಸಭೆಯಲ್ಲೆಲ್ಲ ಹಬ್ಬಿ, ಮಧ್ಯಾಹ್ನ ನಾಲ್ಕು ಜನ ಗಟ್ಟಿ ಆಳುಗಳು ಬಂದು ಅವರನ್ನು ಕೈ ಹಿಡಿದು ಹಿತ್ತಲಿನ ಕಟ್ಟಿಗೆಯ ಕೋಣೆಗೆ ಕರೆದುಕೊಂಡು ಹೋದರು.

ಅದು ಅವರ ಹಬೆ ಸ್ನಾನದ ಮನೆ. ಒಳಗೆ ಕಾಯ್ದ ಕಲ್ಲಿನ ಮೇಲೆ ನೀರು ಹಾಕಿ ಹಬೆ ಎಬ್ಬಿಸಿ, ಎಲೆ ಇರುವ ಬರ್ಚ್ ಮರದ ಟೊಂಗೆಗಳ ಕಟ್ಟಿನಿಂದ ಮೈಗೆ ಬಡಿಯುತ್ತಾರೆ. ಎಂಥ ನೆಗಡಿ ಇದ್ದರೂ ಬಿಟ್ಟು ಓಡುತ್ತದಂತೆ. ನಮಗಾಗಲಿ ಅಣ್ಣನಿಗಾಗಲಿ ಇದು ಗೊತ್ತಿಲ್ಲ. ಹೊರಗೆ ನಿಂತ ನಮಗೆ ಕೇಳಿದ್ದು ಛಟ್ ಛಟ್ ಎಂಬ ಸಪ್ಪಳ, ಅದರ ಮೇಲೆ ಅಣ್ಣನ ದನಿ.

"ಯಪ್ಪೋ! ನೆಗಡಿ ಇಲ್ರೋ! ಸುಳ್ಳ ಹೇಳೇನ್ರೋ! ಬಿಡ್ರೋ!"

ಪಾಸ್ಟರು ಓಡಿ ಹೋಗಿ ಟೀಚರನ್ನು ಕರೆತಂದರು. ಟೀಚರ್ ಬಾಗಿಲ ಹೊರಗಿನಿಂದ ವಿಚಾರಿಸಿ ನಮಗೆ ಸಮಾಧಾನ ಹೇಳಿದರು: "ಹೆದರಬೇಡಿ. ಅವರು ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿದ್ದಾರೆ, ಅದಕ್ಕೇ ನಮ್ಮವರೂ ಉತ್ಸಾಹದಿಂದ ಬಡಿಯುತ್ತಿದ್ದಾರೆ."

ಸ್ವಲ್ಪ ಹೊತ್ತಿಗೆ ಅಣ್ಣ ದುಪ್ಪಟಿ ಸುತ್ತಿಕೊಂಡು ಬೆಂದ ಗೆಣಸಿನಂತೆ ಹೊರಗೆ ಬಂದರು. ಮಾಸ್ಕ್ ಎಲ್ಲೋ ಹೋಗಿತ್ತು. ನೆಗಡಿ ಹೋಯಿತೇ ಎಂದು ನಾಲ್ವರೂ ಸನ್ನೆಯಿಂದ ಕೇಳಿದರು. ಹೋತು, ಪೂರಾ ಹೋತು ಎಂದು ಅಣ್ಣ ಎರಡೂ ಕೈ ಮುಗಿದರು. ಆ ನಾಲ್ವರಿಗೆ ಎಷ್ಟು ಸಂತೋಷವಾಯಿತೆಂದರೆ, ಸಾಲಾಗಿ ನಿಂತು ಒಬ್ಬೊಬ್ಬರಾಗಿ ಮುತ್ತಿಟ್ಟರು.

ಕೊನೆಯ ಬೆಂಚು

ನಾವು ಹೋದ ದಿನವೇ ಟೀಚರ್ ಎಚ್ಚರಿಕೆ ಕೊಟ್ಟಿದ್ದರು. ಇಲ್ಲಿ ಕಾನೂನು ಬಿಗಿ, ನೀವು ಅತಿಥಿಗಳು, ಬೀದಿಯಲ್ಲಿ ನಿಂತು ಸುವಾರ್ತೆ ಸಾರುವುದು, ಕರಪತ್ರ ಹಂಚುವುದು ಏನೂ ಬೇಡ ಎಂದು. ಅದಕ್ಕೆ ಸರಿಯಾಗಿ ಸಭೆಯ ಕೊನೆಯ ಬೆಂಚಿನಲ್ಲಿ ಕರೀ ಕೋಟಿನ ಒಬ್ಬ ಎತ್ತರದ ಮನುಷ್ಯ. ನಗುವುದಿಲ್ಲ. ನಾವು ಪೇಟೆಗೆ ಹೋದರೆ ಹಿಂದೆ ಬರುವನು, ನಾವು ನಿಂತರೆ ನಿಲ್ಲುವನು. ಪ್ರಾರ್ಥನೆಯ ನಡುವೆ ಎದ್ದು ಹೊರಗೆ ಹೋಗಿ ಮತ್ತೆ ಬಂದು ಕೂರುವನು.

"ವರದಿ ಕೊಡಾಕ ಹೋಗ್ತಾನ್ರೀ," ಅಂದರು ಬನಹಟ್ಟಿ ಅಣ್ಣ. "ಒಂದ ಮಾತ ತಪ್ಪಿದ್ರ ನಮ್ಮ ಮಕ್ಕಳು ಜೇಲಿಗೆ ಬಂದು ನೋಡಬೇಕಾಗ್ತೈತಿ."

ಪಾಸ್ಟರು ಹೇಳಬೇಕೆಂದು ತಂದಿದ್ದ ಸಾಕ್ಷಿ, ಅಂದರೆ ದೇವರು ತಮ್ಮನ್ನು ನಡೆಸಿದ ಕತೆ, ಬಹಳ ಚಲೋ ಇತ್ತು. ಕರೀ ಕೋಟು ನೋಡಿ ನೋಡಿ ಅದು ಸಣ್ಣದಾಗುತ್ತ ಹೋಯಿತು. ಕೊನೆಗೆ ಉಳಿದದ್ದು ಇಷ್ಟು: "ನಮ್ಮ ಊರಾಗ ಬಿಸಿಲು. ನಿಮ್ಮ ಊರಾಗ ಥಂಡಿ. ಎರಡೂ ದೇವರು ಮಾಡಿದ್ದು. ಆಮೆನ್." ಅವರ ಕಡೆಯಿಂದ ಬಂದ ಸಾಕ್ಷಿಗಳೂ ಹಾಗೇ. ಒಬ್ಬರು ಎದ್ದು ಈ ವರ್ಷ ಆಲೂಗಡ್ಡೆ ಚೆನ್ನಾಗಿ ಬಂದಿದೆ ಅಂದರು. ಇನ್ನೊಬ್ಬರು ಅಣಬೆ ಅಷ್ಟು ಬರಲಿಲ್ಲ ಅಂದರು. ಹಳೆಯ ಸೋವಿಯತ್ ಸರಕಾರದ ಕಷ್ಟ ಕಾಲದಲ್ಲಿ ವಿಶ್ವಾಸ ಬಿಡದ ಜನ ಇವರು, ಆ ಕತೆ ಕೇಳಲೆಂದೇ ನಾವು ಅಷ್ಟು ದೂರ ಹೋದದ್ದು. ಪಾಸ್ಟರ ಮುಖ ಸಪ್ಪಗಾಯಿತು. "ಆಲೂಗಡ್ಡಿ ಸಾಕ್ಷಿ ಬೀಳಗ್ಯಾಗೂ ಸಿಗ್ತಿತ್ತು," ಅಂದರು.

ಕೊನೆಯ ದಿನ ಸಂಜೆ, ಸಭೆ ಕೂಡುವ ಮೊದಲು, ನಾನು ಅಲ್ಲಿಯ ಅಡುಗೆಮನೆಯಲ್ಲಿ ಚಹಾದ ಕಪ್ಪು ತೊಳೆಯುತ್ತಿದ್ದೆ. ಟೀಚರ್ ಬಾಗಿಲು ಹಾಕಿಕೊಂಡು ಹತ್ತಿರ ಬಂದರು.

"ಸಿಸ್ಟರ್, ಸಿಟ್ಟಾಗಬೇಡಿ. ನಿಮ್ಮ ಜೊತೆ ಬಂದ ಆ ಹಿರಿಯರು, ಸಫಾರಿ ಹಾಕುವವರು, ನಿಮ್ಮ ಸರಕಾರದ ಕಡೆಯವರೇ?"

"ಯಾಕೆ?" ಅಂದೆ. ನೀರಾವರಿ ಇಲಾಖೆಯೂ ಸರಕಾರದ್ದೇ ಅಲ್ಲವೇ ಎಂದು ಒಂದು ಕ್ಷಣ ತಬ್ಬಿಬ್ಬಾಯಿತು.

"ಯಾವಾಗಲೂ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ನಗುವುದಿಲ್ಲ. ನಡುವೆ ಎದ್ದು ಹೋಗಿ ಬರುತ್ತಾರೆ. ಅವರ ಮುಂದೆ ಬಾಯಿ ಬಿಡಲು ನಮ್ಮವರಿಗೆ ಭಯ."

ನನಗೆ ನಗು ಬಂದು ಕಪ್ಪು ಕೈಯಿಂದ ಜಾರಿತು. "ಟೀಚರ್, ಅವರಿಗೆ ಸಕ್ಕರೆ ಕಾಯಿಲೆ. ಮೇಲಿಂದ ಮೇಲೆ ಪಾಯಖಾನೆಗೆ ಹೋಗಬೇಕಾಗುತ್ತದೆ. ಬಾಗಿಲು ಹತ್ತಿರ ಅಂತ ಹಿಂದೆ ಕೂರುತ್ತಾರೆ, ಅಷ್ಟೇ. ಮತ್ತೆ ನಿಮ್ಮ ಕರೀ ಕೋಟಿನವರು?"

"ಅವರೇ? ಅವರು ನಮ್ಮ ಸಭೆಯ ಹಿರಿಯರು. ಅವರಿಗೂ ಅದೇ ಕಾಯಿಲೆ, ಅದೇ ಬಾಗಿಲು."

"ಪೇಟೆಯಲ್ಲೆಲ್ಲ ನಮ್ಮ ಹಿಂದೆ ಬರುತ್ತಾರಲ್ಲ?"

ಟೀಚರ್ ತಲೆ ತಗ್ಗಿಸಿದರು. "ನಾವೇ ಕಳಿಸಿದ್ದು. ನಿಮ್ಮ ಹಿರಿಯರ ಮೇಲೆ ಕಣ್ಣಿಡಲು."

ಸಭೆ ಕೂಡಿದ ಮೇಲೆ ಟೀಚರ್ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಇದನ್ನೆಲ್ಲ ಅವರ ಭಾಷೆಯಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಆಮೇಲೆ ಎಲ್ಲೋ ಮೂಲೆಯಲ್ಲಿ ಶುರುವಾದ ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ನಗು ಇಳಿದ ಮೇಲೆ ನೀಲಿ ಅರಿವೆಯ ಅಜ್ಜಿ ಎದ್ದಳು. ತಾನು ಸಣ್ಣವಳಿದ್ದಾಗ ಮನೆಯಲ್ಲಿ ಪ್ರಾರ್ಥನೆ ನಡೆಸಿದ್ದಕ್ಕೆ ಅಪ್ಪನನ್ನು ಪೊಲೀಸರು ಹಿಡಿದುಕೊಂಡು ಹೋದದ್ದು, ಬಹಳ ವರ್ಷದ ಮೇಲೆ ಅವನು ಬಂದಾಗ ಗುರುತು ಸಿಗದೆ ತಾನು ಬಾಗಿಲು ಮುಚ್ಚಿದ್ದು, ಹೊರಗೆ ನಿಂತು ಅವನು ಹಾಡು ಹೇಳಿದ ಮೇಲೆ ತೆಗೆದದ್ದು, ಎಲ್ಲ ಹೇಳಿದಳು. ದೊಡ್ಡವ್ವ ಆಕೆಯ ಕೈ ಹಿಡಿದುಕೊಂಡು ಕೂತಿದ್ದಳು. ಆಕೆಯ ಹಿಂದೆ ಒಬ್ಬೊಬ್ಬರೇ ಎದ್ದರು. ಆಲೂಗಡ್ಡೆಯ ಮಾತು ಯಾರೂ ತೆಗೆಯಲಿಲ್ಲ. ಪಾಸ್ಟರು ಕಣ್ಣೊರೆಸಿಕೊಂಡು ತಮ್ಮ ಸಾಕ್ಷಿಯನ್ನು ಪೂರಾ ಹೇಳಿದರು.

ಈ ಇಬ್ಬರು ಹಿರಿಯರನ್ನು ಮುಂದೆ ಕರೆದು ಅಪ್ಪಿಸೋಣ ಎಂದು ಎಲ್ಲರೂ ಹಿಂದೆ ತಿರುಗಿ ನೋಡಿದರೆ ಕೊನೆಯ ಬೆಂಚು ಖಾಲಿ. ನಾನು ಹುಡುಕುತ್ತ ಹೊರಗೆ ಹೋದೆ. ಪಾಯಖಾನೆಯ ಬಾಗಿಲ ಮುಂದೆ ಸಫಾರಿಯವರೂ ಕರೀ ಕೋಟಿನವರೂ ಎದುರು ಬದುರು ನಿಂತಿದ್ದರು. ಇವರು "ನೀವು ಮೊದಲ ನಡೀರಿ" ಎಂದು ಕೈ ತೋರಿಸುವರು, ಅವರು ರಷ್ಯನ್ನಿನಲ್ಲಿ ಏನೋ ಅಂದು ಬಗ್ಗಿ ಇವರಿಗೇ ದಾರಿ ಬಿಡುವರು. ಯಾರೂ ಒಳಗೆ ಹೋಗಲೊಲ್ಲರು. ಇಬ್ಬರ ಹಣೆಯ ಮೇಲೂ ಬೆವರು.

"ದುಭಾಷಿನ್ನ ಕರೀಲೇನ್ರಿ ಹಿರಿಯಾರ?" ಅಂದೆ.

"ದುಭಾಷಿ ಯಾಕ ಬೇಕ ತಂಗೀ!" ಅಂದರು ಅವರು ಹಲ್ಲು ಕಚ್ಚಿಕೊಂಡು. "ಇನ್ನೊಂದ ಪಾಯಖಾನಿ ಬೇಕಾಗೇತಿ!"