ಗೌರಿಗೊಂದು ಬಟ್ಟೆಯ ಕರು

ಸಿಂಗಟಗೆರೆಯ ಭೈರೇಶ ಜೀವಮಾನದಲ್ಲಿ ಹೊಲಿದದ್ದೆಂದರೆ ಗೋಣಿಚೀಲದ ಬಾಯಿ ಮಾತ್ರ. ಅದನ್ನೇ ಅರವತ್ತನಾಲ್ಕು ವಿದ್ಯೆಗಳಲ್ಲಿ ಒಂದೆಂದು ನಂಬಿದ್ದ ಮಹಾನುಭಾವ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಘೋಷಿಸಿಯೇ ಬಿಟ್ಟ: "ನಾಳೆ ಬೆಳಗಾಗೋದ್ರೊಳಗೆ ಒಂದು ಕರು ಹೊಲ್ದು ಗೌರಿ ಮುಂದೆ ಇಡ್ತೀನಿ. ಆಗ್ಲೂ ಹಾಲು ಬಿಡ್ಲಿಲ್ಲ ಅಂದ್ರೆ ನನ್ ಹೆಸರು ಬದಲಾಯ್ಸು."

ಅನಿತಾ ನಗಲಿಲ್ಲ. ನಗುವಂಥ ಹೊತ್ತೂ ಅದಾಗಿರಲಿಲ್ಲ. ಗೌರಿಯ ಹನ್ನೆರಡು ದಿನದ ಕೆಂದ ಕರು ಭೇದಿ ಹಿಡಿದು ಸತ್ತು ಐದು ದಿನವಾಗಿತ್ತು. ತೆಂಗಿನ ತೋಟದ ಮೂಲೆಯಲ್ಲಿ ಅದನ್ನು ಮಣ್ಣು ಮಾಡಿದವನು ಭೈರೇಶನೇ. ಅಂದಿನಿಂದ ಹಸು ಖಾಲಿ ಗೂಟದ ಕಡೆ ನೋಡಿ ಅಂಬಾ ಎನ್ನುವುದು ಬಿಟ್ಟರೆ ಬೇರೆ ಏನೂ ಮಾಡುತ್ತಿರಲಿಲ್ಲ. ಹುಲ್ಲಿಗೆ ಬಾಯಿ ಹಾಕದು, ಕೆಚ್ಚಲು ಮುಟ್ಟಿದರೆ ಒದೆಯುವುದು. ಅನಿತಾಳ ಮದುವೆಯಲ್ಲಿ ಅಜ್ಜಂಪುರದ ತವರಿನಿಂದ ಅವಳ ಹಿಂದೆಯೇ ನಡೆದುಬಂದ ಹಸುವಿನ ಮಗಳು ಈ ಗೌರಿ.

ಮನೆಯ ಹಿರಿಯ ಸಿದ್ದಪ್ಪ ತೀರ್ಪು ಕೊಟ್ಟಾಗಿತ್ತು. "ನಾನು ಅವತ್ತೇ ಹೇಳಿದ್ನಲ್ಲಪ್ಪಾ. ಸತ್ತ ಕರುವಿನ ಚರ್ಮ ಬಿಡಿಸಿ, ಒಳಕ್ಕೆ ಹುಲ್ಲು ತುಂಬಿ ಮುಂದಿಟ್ಟಿದ್ರೆ ಹಸ ನೆಕ್ಕೊಂಡು ಹಾಲು ಬಿಡ್ತಿತ್ತು. ನಮ್ ಕಾಲದಲ್ಲಿ ಎಲ್ರೂ ಹಂಗೇ ಮಾಡ್ತಿದ್ದಿದ್ದು."

"ಅದರ ಮೈಗೆ ಚಾಕು ಹಾಕಕ್ಕೆ ನನ್ ಕೈಲಿ ಆಗ್ಲಿಲ್ಲ ದೊಡ್ಡಪ್ಪ."

"ಸರಿ ಬಿಡು. ಹಿಂಗೇ ಬತ್ತಿಹೋದ್ರೆ ಮುಂದಿನ ಸಂತೆಗೆ ಕಡೂರಿಗೆ ಹೊಡಿ. ಆಮೇಲೆ ನನ್ ಕೇಳಬೇಡ."

ಆ ಮಾತು ಕೇಳಿ ಅನಿತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಭೈರೇಶನ ಕರುವಿನ ಯೋಜನೆ ಹುಟ್ಟಿದ್ದು ಆ ಮುಚ್ಚಿದ ಬಾಗಿಲಿನ ಹೊರಗೆ. ಅವನಿಗೆ ಹೆಂಡತಿಯ ಮುಖ ನೋಡುವುದೇ ಕಷ್ಟವಾಗಿತ್ತು.

ಅನಿತಾ ಊರಿನ ಅಂಗನವಾಡಿಯವಳು. ಮಕ್ಕಳಿಗೆ ಬಟ್ಟೆಯ ಆನೆ, ಮೊಲ, ಎಸೆದಾಡಲು ಹುರುಳಿ ತುಂಬಿದ ಅಂಗೈಯಗಲದ ಚೀಲಗಳನ್ನು ತಾನೇ ಹೊಲಿಯುತ್ತಿದ್ದಳು. ಸೋಮವಾರದ ಆಟಕ್ಕೆಂದು ಇಪ್ಪತ್ತು ಚೀಲ ಹೊಲಿದು ಬುಟ್ಟಿಯಲ್ಲಿಟ್ಟಿದ್ದಳು. ಇಷ್ಟು ಬಲ್ಲವಳು ಒಂದು ಮಾತು ಹೇಳಿದಳು: "ಮೊದ್ಲು ಅದರ ಹೊಟ್ಟೆ ನೋಡ್ರೀ. ಐದ್ ದಿನದಿಂದ ನೆಟ್ಟಗೆ ತಿಂದಿಲ್ಲ. ಹುರುಳಿ ಬೇಯ್ಸಿ ಇಡಾಣ, ವಾಸನೆಗಾದ್ರೂ ಬಾಯಿ ಹಾಕುತ್ತೆ."

"ಇದು ಹೊಟ್ಟೆ ವಿಷಯ ಅಲ್ಲ ಕಣೇ, ತಾಯಿ ಕರುಳಿನ ವಿಷಯ. ನಿಂಗೆ ಗೊತ್ತಾಗಲ್ಲ."

ಎರಡು ಹೆತ್ತವಳಿಗೆ ಇಷ್ಟು ಹೇಳಿ, ಭೈರೇಶ ಗೋಣಿ ಹೊಲಿಯುವ ದಬ್ಬಣ, ಸುತಲಿ ಹುರಿ ಮತ್ತು ತನ್ನದೇ ಕಂದು ಬಣ್ಣದ ಶಾಲು ಹಿಡಿದು ಜಗಲಿಯಲ್ಲಿ ಆಸೀನನಾದ. ಬಟ್ಟೆಯನ್ನು ತಿರುವಿ ಹಾಕಿ ಒಳಮಗ್ಗುಲಲ್ಲಿ ಹೊಲಿಯಬೇಕು, ತುಂಬಲು ಜಾಗ ಬಿಡಬೇಕು ಎಂದು ಅನಿತಾ ಅಡುಗೆಮನೆಯಿಂದಲೇ ಹೇಳಿದಳು. ಆನೆ ಮೊಲಗಳಿಗೆ ಆ ನಿಯಮ, ಕರುವಿಗಲ್ಲ ಎಂದು ಇವನು ತೀರ್ಮಾನಿಸಿದ. ನಾಲ್ಕು ಕಾಲು ಹೊಲಿದ. ನಾಲ್ಕೂ ನಾಲ್ಕು ಅಳತೆ. ಉದ್ದವಾದದ್ದನ್ನು ಕತ್ತರಿಸಿದಂತೆ ಇನ್ನೊಂದು ಉದ್ದವಾಗುತ್ತಿತ್ತು. ಕೊನೆಗೆ ಕಾಲೇ ಉಳಿಯದೆ, ಇದು ಮಲಗಿದ ಕರು ಎಂದು ಒಪ್ಪಿಕೊಳ್ಳಬೇಕಾಯಿತು.

ಮಧ್ಯಾಹ್ನ ಸಿದ್ದಪ್ಪ ಬಂದಾಗ ಗೌರವಕ್ಕೆಂದು ಎದ್ದು ನಿಂತ. ಕರುವೂ ಜೊತೆಗೇ ಎದ್ದಿತು. ತೊಡೆಯ ಮೇಲಿಟ್ಟುಕೊಂಡು ಹೊಲಿಯುವ ಭರದಲ್ಲಿ ಪಂಚೆಯನ್ನೂ ಸೇರಿಸಿ ಬಿಗಿದಿದ್ದ.

ಸಿದ್ದಪ್ಪ ಬಹಳ ಹೊತ್ತು ನೋಡಿದರು. "ಏನಪ್ಪಾ, ಹಾಲು ಕುಡಿಯಕ್ಕೆ ನೀನೂ ಹೋಗ್ತೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಅನಿತಾ ಕತ್ತರಿ ತಂದು ಪಂಚೆಯನ್ನೂ ಕರುವನ್ನೂ ಬೇರೆ ಮಾಡಿದಳು. ಈಗ ಇನ್ನೊಂದು ತೊಡಕು. ಬರೀ ಹುಲ್ಲು ತುಂಬಿದ ಕರು ತೀರಾ ಹಗುರ. ಗೌರಿ ಮೂತಿಯಲ್ಲಿ ತಳ್ಳಿದರೆ ಬೀದಿಗೆ ಬೀಳುತ್ತಿತ್ತು. ಭಾರಕ್ಕೆ ಏನಾದರೂ ಬೇಕು. ಅನಿತಾ ನೀರಿಗೆ ಹೋದ ಸಮಯ ನೋಡಿ ಭೈರೇಶ ಬುಟ್ಟಿಗೆ ಕೈ ಹಾಕಿದ. ಇಪ್ಪತ್ತು ಚೀಲವನ್ನೂ ಬಿಚ್ಚಿ ಹುರುಳಿಯನ್ನೆಲ್ಲ ಕರುವಿನ ಹೊಟ್ಟೆಗೆ ಸುರಿದು ದಬ್ಬಣದಿಂದ ಬಾಯಿ ಬಿಗಿದ. ಸತ್ತ ಕರುವಿನ ಕೊರಳಹಗ್ಗವನ್ನು ತಂದು ಅದರ ಮೈಗೆಲ್ಲ ಉಜ್ಜಿ, ಕೊರಳಿಗೆ ಕಟ್ಟಿದ.

ಶನಿವಾರ ಬೆಳಿಗ್ಗೆ ಕರುವನ್ನು ಗೌರಿಯ ಮುಂದಿಟ್ಟು ದೂರ ನಿಂತ. ಗೌರಿ ಮೂಸಿದಳು. ಕೊರಳಹಗ್ಗದ ಹತ್ತಿರ ಮೂಗು ನಿಂತುಬಿಟ್ಟಿತು. ಒಂದು ಸಲ ನೆಕ್ಕಿದಳು, ಇನ್ನೊಂದು ಸಲ ನೆಕ್ಕಿದಳು. ಭೈರೇಶನ ಕಣ್ಣು ತುಂಬಿ ಬಂತು.

"ನೋಡೇ, ಬಾರೇ ಇಲ್ಲಿ. ತಾಯಿ ಕರುಳು ನೋಡು."

ಅನಿತಾ ಬಂದು ನಿಂತಳು. ಅಷ್ಟರಲ್ಲಿ ಗೌರಿಯ ಮೂಗು ಕೊರಳಿನಿಂದ ಹೊಟ್ಟೆಯ ಕಡೆ ಇಳಿದಿತ್ತು. ಅಲ್ಲಿ ಬಲವಾಗಿ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ಹೊಲಿಗೆಗೆ ಬಾಯಿ ಹಾಕಿ ಎಳೆದಳು. ಭೈರೇಶನ ಮಹಾವಿದ್ಯೆ ಪರ್ರನೆ ಬಿಚ್ಚಿಕೊಂಡಿತು. ಹುರುಳಿ ನೆಲಕ್ಕೆ ಸುರಿಯಿತು, ಗೌರಿ ತನ್ನ ಕರುವಿನ ಹೊಟ್ಟೆಯೊಳಗಿನದನ್ನು ಶ್ರದ್ಧೆಯಿಂದ ತಿನ್ನತೊಡಗಿದಳು.

"ಅದು ಯಾವ ಹುರುಳಿ?" ಎಂದಳು ಅನಿತಾ.

ಭೈರೇಶ ಖಾಲಿ ಬುಟ್ಟಿಯನ್ನು ತಂದು ಅವಳ ಮುಂದಿಟ್ಟ.

ಅವಳು ಪೊರಕೆ ತಂದಳು. ಹಸಿ ಹುರುಳಿ ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆಂದು ನೆಲದ್ದನ್ನು ಗುಡಿಸಿ ತೆಗೆದಳು. ಅವಳು ಬೆಳಿಗ್ಗೆಯೇ ಬೇಯಿಸಿ ಆರಲಿಟ್ಟಿದ್ದ ಹುರುಳಿ ತಂದು ಬಾನಿಗೆ ಸುರಿದಳು. ಗೌರಿ ತಳ ಕಾಣುವವರೆಗೆ ತಿಂದಳು. ತಿಂದು, ಚಪ್ಪಟೆಯಾದ ಬಟ್ಟೆಯ ಕರುವಿನ ಕೊರಳ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿದಳು. ಅನಿತಾ ಚೊಂಬು ಹಿಡಿದು ಕೂತು ಕೆಚ್ಚಲಿಗೆ ಕೈ ಹಾಕಿದಳು. ಹಸು ಒದೆಯಲಿಲ್ಲ. ಚೊಂಬಿನ ತಳಕ್ಕೆ ಹಾಲು ಸರ್ರನೆ ಬಿತ್ತು. ಅನಿತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂತೆಯ ಮಾತು ಅಲ್ಲಿಗೆ ನಿಂತಿತು. ಭಾನುವಾರವಿಡೀ ಭೈರೇಶ ಸಣ್ಣ ಸೂಜಿ ಹಿಡಿದು ಇಪ್ಪತ್ತು ಚೀಲ ಹೊಲಿದ. ಮಧ್ಯೆ ಮಧ್ಯೆ ಎದ್ದು ಪಂಚೆ ಕೊಡವಿ ನೋಡಿಕೊಳ್ಳುತ್ತಿದ್ದ. ಅನಿತಾ ಒಂದೊಂದೇ ಚೀಲ ತೆಗೆದು ಎಳೆದು ನೋಡಿ, ಹನ್ನೊಂದನ್ನು ವಾಪಸು ಕೊಟ್ಟಳು.

"ಏನೇ ಹೇಳು, ನನ್ ಕರುನ ಗೌರಿ ಒಪ್ಕೊಂಡ್ಳು ತಾನೇ?" ಎಂದ ಅವನು, ಸೋಲೊಪ್ಪದೆ.

"ಒಪ್ಕೊಂಡ್ಳು ಕಣ್ರೀ. ನಿಮ್ ಹೊಲಿಗೆ ಒಪ್ಕೊಂಡಿರೋ ಜೀವ ಲೋಕದಲ್ಲಿ ಅದೊಂದೇ," ಎಂದಳು ಅನಿತಾ, ಸೂಜಿಗೆ ದಾರ ಪೋಣಿಸಿ ಅವನ ಕೈಗೆ ಕೊಡುತ್ತ. "ಅದೂ ಪೂರ್ತಿ ಬಿಚ್ಚಿ ನೋಡಿದ್ಮೇಲೆ."