ತೊಗಟೆ ಕಳೆದು ಅಳೆದ ನಡು

ದಾಂಡೇಲಿ ಪೇಟೆಯ ಚಹಾದ ಅಂಗಡಿಯ ಮುಂದೆ ಮಳೆ ಬಿಸಿಲೆನ್ನದೆ ನಿಂತು ಕಂಡವರಿಗೆಲ್ಲ ಸತ್ಯ ನುಡಿಯುತ್ತಿರುವ ಶ್ರೀಮಾನ್ ತೂಕದ ಯಂತ್ರದವರ ಸನ್ನಿಧಿಗೆ, ಮರದ ಡಿಪೋದಲ್ಲಿ ದಿಮ್ಮಿ ಅಳೆಯುವ ಕಾರಕೂನ ಉಳವಪ್ಪನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಹಳಿಯಾಳದ ಕುಸ್ತಿಯಲ್ಲಿ ಮೆಕ್ಯಾನಿಕ್ ಸುಭಾನಿಯ ಬೆನ್ನಿಗೆ ಮಣ್ಣು ಹಚ್ಚುತ್ತೇನೆಂದು ನಾನು ಡಿಪೋದ ಮಂದಿಯೆದುರು ಕೊಚ್ಚಿಕೊಂಡದ್ದು ತಮಗೆ ತಿಳಿದಿರಲಾರದು. ಹಿಂದೊಮ್ಮೆ ಪೈಲ್ವಾನನಾಗಿದ್ದ ನನ್ನ ಹೊಟ್ಟೆ ಈಗ ನನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆಂಬುದು ಆ ಗಳಿಗೆಯಲ್ಲಿ ನನಗೂ ನೆನಪಿರಲಿಲ್ಲ. ಹೆಸರು ಕೊಟ್ಟಾಗಿತ್ತು, ಹಿಂದೆ ಸರಿದರೆ ಊರಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. ಆದ್ದರಿಂದ ನಸುಕಿನಲ್ಲೆದ್ದು ದಂಡ, ಬೈಠಕು ಹೊಡೆದು, ಬೆವರು ಸುರಿಸಿ, ಪ್ರತಿ ಸಂತೆಯ ದಿನ ತಮ್ಮ ಮೇಲೆ ಬಂದು ನಿಂತೆ. ತಾವು ಪ್ರತಿಸಲವೂ ಅದೇ ಅಂಕಿಯ ಚೀಟಿ ದಯಪಾಲಿಸಿದಿರಿ. ಸರಕಾರವೇ ಪೌಂಡು ಬಿಟ್ಟು ಕಿಲೋಗೆ ಬಂದರೂ ತಾವು ಪೌಂಡನ್ನು ಬಿಡಲಿಲ್ಲ, ನನಗಾಗಿ ಒಂದೇ ಒಂದನ್ನೂ ಇಳಿಸಲಿಲ್ಲ.

ಇಂಥ ಹಟಮಾರಿಗಳ ಸಹವಾಸ ಸಾಕೆಂದು ನನ್ನ ಕಸುಬಿನ ಟೇಪನ್ನೇ ನಂಬಿದೆ. ಮೈ ಗಟ್ಟಿಯಾಗುವಾಗ ತೂಕ ಇಳಿಯದಿದ್ದರೂ ಸುತ್ತಳತೆ ಇಳಿಯುತ್ತದೆಂದು ಗರಡಿಮನೆಯ ವಸ್ತಾದರು ಹೇಳಿದ್ದರು. ಸಾಗವಾನಿ ದಿಮ್ಮಿಯ ಉದ್ದ ಹಿಡಿದು, ನಟ್ಟನಡುವೆ ಗುರುತು ಹಾಕಿ, ಅಲ್ಲಿ ಸುತ್ತಳತೆ ತೆಗೆದು, ತೊಗಟೆಯ ದಪ್ಪ ಕಳೆಯುವುದು ನಮ್ಮ ಪದ್ಧತಿ. ನಾನೂ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದುಕೊಂಡು, ನಟ್ಟನಡುವೆ ಸೀಮೆಸುಣ್ಣದ ಗೆರೆ ಎಳೆದು, ಧೋತರವನ್ನೇ ತೊಗಟೆಯೆಂದು ಬಗೆದು, ವಾರದಿಂದ ವಾರಕ್ಕೆ ಹೆಚ್ಚು ಹೆಚ್ಚು ಧಾರಾಳವಾಗಿ ಕಳೆಯುತ್ತ ಬಂದೆ. ಹೀಗೆ ನಾನು ತೆಳ್ಳಗಾದೆ. ಆ ಸಂತೋಷಕ್ಕೆ ಹೋಳಿಗೆ ತಿಂದೆ. ತಮಗೆ ತುಕ್ಕು ಹಿಡಿದಿದೆಯೆಂದು ಪೇಟೆಯಲ್ಲೆಲ್ಲ ಸಾರಿದೆ.

ಕುಸ್ತಿಯ ಮುನ್ನಾದಿನ ನನ್ನ ಹೆಂಡತಿ ಶಂಕ್ರೆವ್ವ ಆ ಗೆರೆಯನ್ನು ನೋಡಿ, "ಅಲ್ರೀ, ಹೊಟ್ಟಿ ಇರೂದು ಮ್ಯಾಲ, ನೀವು ಅಳಿಯೂದು ಕೆಳಗ! ನಿಮ್ಮನ್ನೇನು ಲಾರಿಗೆ ಹೇರೂದೈತೇನು?" ಎಂದು, ಹೊಕ್ಕುಳಿಗಿಂತ ಗೇಣು ಕೆಳಗಿದ್ದ ಟೇಪನ್ನು ತಾನೇ ಮೇಲೆತ್ತಿ ಹಿಡಿದಳು. ಎದೆಗಿಂತ ಹೊಟ್ಟೆಯೇ ದೊಡ್ಡದಿತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಆದರೂ ಹೋದೆ. ಅಖಾಡದಲ್ಲಿ ಹಲಗೆವಾದ್ಯದ ಬಡಿತ ಶುರುವಾದೊಡನೆ ಸುಭಾನಿ ನನ್ನ ನಡು ಹಿಡಿಯಲು ನುಗ್ಗಿದ. ಅವನ ಎರಡು ಕೈಗಳು ನನ್ನ ಬೆನ್ನ ಹಿಂದೆ ಒಂದನ್ನೊಂದು ಹುಡುಕಿ ಹುಡುಕಿ ಸೋತವು. ಎತ್ತಲು ನೋಡಿದ, ತಾವು ಚೀಟಿಯಲ್ಲಿ ನಮೂದಿಸಿದ ಅಷ್ಟೂ ಪೌಂಡುಗಳು ನೆಲ ಕಚ್ಚಿ ನಿಂತವು. ಅವನನ್ನು ಕೆಡವುವಷ್ಟು ಉಸಿರು ನನ್ನಲ್ಲಿಯೂ ಇರಲಿಲ್ಲವಾದ್ದರಿಂದ ಇಬ್ಬರೂ ಸಮ, ಬರೋಬರಿ ಕುಸ್ತಿಯೆಂದು ಪಂಚರು ಬಿಡಿಸಿದರು. "ಉಳವಪ್ಪಣ್ಣಾ, ನಿನ್ನ ಎತ್ತಾಕ ಡಿಪೋದ ಆನೀನ ಬರಬೇಕ್ ನೋಡು" ಎಂದು ಸುಭಾನಿ ನಕ್ಕು ಅಪ್ಪಿಕೊಳ್ಳಲು ಬಂದು, ಅದರಲ್ಲಿಯೂ ಸೋತ.

ತಾವು ನಿಜ ನುಡಿದಿರಿ, ಆ ನಿಜವೇ ನನ್ನ ಮಾನ ಕಾಯಿತು. ಇನ್ನು ಮುಂದೆ ಎದೆಗೊಂದು, ಹೊಟ್ಟೆಗೊಂದು ಬೇರೆ ಬೇರೆ ಚೀಟಿ ದಯಪಾಲಿಸಿ, ಹೊಟ್ಟೆಯದನ್ನು ತಾವೇ ನುಂಗಿಕೊಳ್ಳಬೇಕೆಂದು ಪ್ರಾರ್ಥಿಸುವ,

ತಮ್ಮ ವಿಶ್ವಾಸಿ,
ಉಳವಪ್ಪ

ವಿ.ಸೂ.: ನಾನು ಧೋತರದ ತೊಗಟೆ ಕಳೆದ ಸಂಗತಿ ಕಿವಿಗೆ ಬಿದ್ದು ನಮ್ಮ ಸಾಹೇಬರು ನಾನು ಅಳೆದ ದಿಮ್ಮಿಗಳನ್ನೆಲ್ಲ ಮತ್ತೊಮ್ಮೆ ಅಳೆಸುತ್ತಿದ್ದಾರೆ, ನನ್ನ ಜಾಗಕ್ಕೆ ತಮ್ಮನ್ನೇ ನೇಮಿಸುವ ವಿಚಾರವೂ ಇದೆಯಂತೆ. ದಿನವಿಡೀ ಒಂದೇ ಕಡೆ ನಿಂತು, ಯಾರಾದರೂ ನಾಣ್ಯ ಹಾಕಿದರೆ ಮಾತ್ರ ಅಲುಗಾಡುವ ತಮ್ಮ ಸ್ವಭಾವ ನೋಡಿದರೆ, ಕಾರಕೂನ ಬದಲಾದದ್ದು ಯಾರ ಗಮನಕ್ಕೂ ಬರಲಿಕ್ಕಿಲ್ಲ.