ಅಲೆಯ ಮೇಲೆ ನಮ್ಮ ಮನೆಯವಳು

ನಮ್ಮ ಕಡೆ ಗಂಡಸರು ಬಹಳ ವಿಷಯಗಳ ಬಗ್ಗೆ ಹೆಮ್ಮೆ ಪಡುತ್ತಾರೆ. ಎತ್ತಿನ ಬಗ್ಗೆ, ಬೋರ್‌ವೆಲ್ಲಿಗೆ ಬಿದ್ದ ನೀರಿನ ಬಗ್ಗೆ, ಅಳಿಯನ ನೌಕರಿಯ ಬಗ್ಗೆ. ಏನೂ ಇಲ್ಲದಿದ್ದರೆ ತಮ್ಮ ಸಕ್ಕರೆ ಕಾಯಿಲೆ ಎದುರು ಮನೆಯವನ ಸಕ್ಕರೆ ಕಾಯಿಲೆಗಿಂತ ದೊಡ್ಡದು ಎಂಬುದರ ಬಗ್ಗೆಯಾದರೂ ಎದೆ ಉಬ್ಬಿಸುತ್ತಾರೆ. ಹೆಂಡತಿಯ ಬಗ್ಗೆ ಹೆಮ್ಮೆ ಪಡುವುದು ಮಾತ್ರ ರೂಢಿಯಲ್ಲಿಲ್ಲ. ಯಾರಾದರೂ ಬಾಯಿ ತಪ್ಪಿ ಹೆಂಡತಿಯನ್ನು ಹೊಗಳಿದರೆ "ಯಾಕಪ್ಪಾ, ಮನ್ಯಾಗ ಏನರ ಮಾಡಿ ಸಿಕ್ಕೊಂಡಿಯೇನು?" ಎಂದು ಕೇಳುತ್ತಾರೆ. ನಾನು ಏನೂ ಮಾಡಿ ಸಿಕ್ಕಿಕೊಂಡಿಲ್ಲ ಎಂದು ಮೊದಲೇ ಹೇಳಿಬಿಟ್ಟು, ನನ್ನ ಹೆಂಡತಿಯನ್ನು ಹೊಗಳಲು ಕೂತಿದ್ದೇನೆ.

ಆಕೆಯ ಹೆಸರು ಭಾರತಿ. ಕೂಡ್ಲಿಗಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಊರವರ ಬಾಯಲ್ಲಿ ಪಿ.ಟಿ. ಟೀಚರು. ವಯಸ್ಸು ಐವತ್ತು ದಾಟಿದೆ, ದಾಟಿದ್ದು ಆಕೆಗೆ ಇನ್ನೂ ಗೊತ್ತಾಗಿಲ್ಲ. ಕೊರಳಲ್ಲಿ ತಾಳಿಯ ಜೊತೆ ಒಂದು ಸೀಟಿಯೂ ನೇತಾಡುತ್ತಿರುತ್ತದೆ. ಮನೆಯಲ್ಲಿ ನಾನು ಹೆಚ್ಚು ಗೌರವ ಕೊಡುವುದು ಸೀಟಿಗೆ. ಆಕೆ ಹುಟ್ಟಿ ಬೆಳೆದದ್ದು ತುಂಗಭದ್ರೆಯ ದಂಡೆಯ ಹಲವಾಗಲಿನಲ್ಲಿ. ನಡೆಯುವುದಕ್ಕಿಂತ ಮೊದಲೇ ಈಜಿದಳು ಎಂದು ಅವಳ ತವರಿನವರು ಹೇಳುತ್ತಾರೆ; ತವರಿನವರ ಮಾತನ್ನು ನಾನು ಪ್ರಶ್ನಿಸುವವನಲ್ಲ. ನಾನು ಕೊಟ್ಟೂರು ಕಡೆಯವನು. ನೀರು ಎಂದರೆ ನಮಗೆ ಕೊಡದಲ್ಲಿ ಬರುವ ವಸ್ತು. ಅದರೊಳಗೆ ಮನುಷ್ಯ ಇಳಿಯಬಹುದು ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ. ನನ್ನ ಕೆಲಸ ಒಂದು ಕಚೇರಿಯ ಟಪಾಲು ವಿಭಾಗದಲ್ಲಿ. ನನಗಿರುವ ಒಂದೇ ಪ್ರತಿಭೆ ಪ್ರವಾಸದ ಏರ್ಪಾಡು. ನಮ್ಮ ಓಣಿಯವರನ್ನು ಧರ್ಮಸ್ಥಳ, ಪಂಢರಪುರ, ಶ್ರೀಶೈಲಗಳಿಗೆಲ್ಲ ಕರೆದುಕೊಂಡು ಹೋಗಿ ಒಬ್ಬರನ್ನೂ ಕಳೆಯದೆ ವಾಪಸ್ ತಂದಿದ್ದೇನೆ. ಪಂಢರಪುರದಲ್ಲಿ ಒಬ್ಬರು ಅರ್ಧ ದಿನ ಕಾಣೆಯಾಗಿದ್ದರು ನಿಜ. ಆದರೆ ಆ ಪ್ರವಾಸದಲ್ಲಿ ತಮಗೆ ಸಿಕ್ಕ ವಿಶ್ರಾಂತಿ ಅದೊಂದೇ ಎಂದು ಅವರು ಇಂದಿಗೂ ನೆನೆಯುತ್ತಾರೆ.

ಇಂಥ ನನಗೆ ಸರ್ಫಿಂಗ್ ಪ್ರವಾಸದ ಏರ್ಪಾಡು ಮಾಡುವ ಯೋಗ ಬಂದದ್ದು ನಾಗವೇಣಿಯಿಂದ. ನಾಗವೇಣಿ ಗುಡೇಕೋಟೆಯ ಹುಡುಗಿ, ಭಾರತಿಯ ಹಳೆಯ ವಿದ್ಯಾರ್ಥಿನಿ. ಅಪ್ಪನದು ಕುರಿ ಕಾಯುವ ಕೆಲಸ. ಹೈಸ್ಕೂಲಿಗೆ ಬಂದಾಗ ಆ ಹುಡುಗಿಗೆ ಬಂಡೆಯಿಂದ ಬಂಡೆಗೆ ಹಾರುವುದೊಂದು ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲವಂತೆ. ಭಾರತಿ ಒಂದು ಬೇಸಿಗೆ ರಜೆಯಲ್ಲಿ ಅವಳನ್ನು ತನ್ನ ತವರಿಗೆ ಕರೆದೊಯ್ದು ಹೊಳೆಯಲ್ಲಿ ಈಜು ಕಲಿಸಿದಳು. ಹತ್ತನೇ ತರಗತಿ ಮುಗಿದ ಕೂಡಲೇ ಮನೆಯಲ್ಲಿ ಮದುವೆಯ ಮಾತು ಬಂದಾಗ ಸ್ಕೂಟಿ ಹತ್ತಿಕೊಂಡು ಗುಡೇಕೋಟೆಗೆ ಹೋಗಿ ಕೂತಳು. ಮತ್ತೆ ಹೋದಳು, ಮತ್ತೆ ಕೂತಳು. ಕೊನೆಗೆ ಆ ಹುಡುಗಿಯ ಅಪ್ಪ ಸೋತು, "ಟೀಚರ, ನೀವು ಬರೂದು ನಿಲ್ಲಸ್ರಿ, ಆಕಿನ್ನ ಎಲ್ಲಿ ಬೇಕಾದ್ರೂ ಕಳಸ್ತೀನಿ" ಎಂದು ಕೈಮುಗಿದ. ನಾಗವೇಣಿ ಕ್ರೀಡಾ ಹಾಸ್ಟೆಲ್ ಸೇರಿದಳು, ಅಲ್ಲಿಂದ ಹೇಗೋ ಸಮುದ್ರ ಸೇರಿದಳು. ಈಗ ಕೋವಲಂ ಎಂಬ ಊರಿನಲ್ಲಿ, ಹಲಗೆಯ ಮೇಲೆ ನಿಂತು ಅಲೆಯ ಸವಾರಿ ಮಾಡುವುದನ್ನು ಜನಕ್ಕೆ ಕಲಿಸುತ್ತಾಳೆ. ಆ ಜನರಲ್ಲಿ ಸಮುದ್ರದ ಪಕ್ಕದಲ್ಲೇ ಹುಟ್ಟಿದವರೂ ಇದ್ದಾರೆ ಎಂದು ಭಾರತಿ ಎಲ್ಲರಿಗೂ ಬಿಡಿಸಿ ಹೇಳುತ್ತಾಳೆ.

ಈ ನಾಗವೇಣಿ ಒಂದು ದಿನ ಫೋನು ಮಾಡಿ, "ಟೀಚರ್, ಈ ಸಲ ಬ್ಯಾಸಗಿ ರಜಾದಾಗ ಬರ್ರಿ. ಬರೇ ನೋಡಾಕಲ್ಲ. ನಿಮ್ಮನ್ನ ಅಲಿ ಮ್ಯಾಲ ನಿಂದರಸ್ತೀನಿ" ಎಂದಳು. ಭಾರತಿ ಫೋನು ಕೆಳಗಿಟ್ಟು, ಸಂತೆಗೆ ಹೊರಟವಳ ಹಾಗೆ, "ನಾನು ಹೊಂಟೀನಿ" ಎಂದಳು. "ಏರ್ಪಾಡೆಲ್ಲ ನನಗ ಬಿಡು" ಎಂದೆ. ಬಿಟ್ಟಳು. ಮದುವೆಯಾಗಿ ಇಷ್ಟು ವರ್ಷವಾದರೂ ಮನುಷ್ಯರ ಮೇಲೆ ನಂಬಿಕೆ ಕಳೆದುಕೊಳ್ಳದ ಹೆಂಗಸು ಆಕೆ.

ಯಾವ ಏರ್ಪಾಡಾದರೂ ವಿಷಯ ತಿಳಿದೇ ಶುರುಮಾಡಬೇಕು ಎಂಬುದು ನನ್ನ ನಿಯಮ. ನಾಗವೇಣಿಗೆ ನಾನೇ ಫೋನು ಮಾಡಿ, "ಅಲ್ಲಿ ಅಲಿ ಎಷ್ಟು ಗಂಟೆಗೆ ಬರತೈತವ್ವಾ?" ಎಂದು ಕೇಳಿದೆ. ಆಕೆ ನಗು ತಡೆದುಕೊಂಡು ವಿವರಿಸಿದಳು. ಅವರ ದಂಡೆಯಲ್ಲಿ ನೆಲ ಒಂದು ಕಡೆ ಮೂಗಿನ ಹಾಗೆ ಸಮುದ್ರದೊಳಕ್ಕೆ ಚಾಚಿದೆಯಂತೆ. ಅದಕ್ಕೆ ಪಾಯಿಂಟು ಎನ್ನುತ್ತಾರೆ. ಅಲೆ ಬಂದು ಆ ಮೂಗಿನ ತುದಿಗೆ ಬಡಿದು, ಒಂದೇ ಸಲಕ್ಕೆ ಕುಸಿಯದೆ, ಪಕ್ಕಕ್ಕೆ ಉದ್ದಕ್ಕೆ ಸುರುಳಿ ಬಿಚ್ಚುತ್ತ ಹೋಗುತ್ತದೆ. ಹಾಗಾಗಿ ಸವಾರಿ ಉದ್ದ. ಸವಾರಿ ಉದ್ದವಾದ್ದರಿಂದ ಜನವೂ ಜಾಸ್ತಿ. ಹೆಸರಾದ ಜಾಗ, ಎಲ್ಲೆಲ್ಲಿಂದಲೋ ಬರುತ್ತಾರೆ. "ಒಂದು ಅಲಿಗೆ ಒಬ್ಬರ ಹತ್ತಬೇಕು ಸರ್. ಯಾರು ಅಲಿ ಒಡಿಯೋ ಜಾಗಕ್ಕ ಹತ್ರ ಇರ್ತಾರೋ ಅವರದು ಹಕ್ಕು. ನಡುವ ನುಗ್ಗಿದ್ರ ಜಗಳ ಆಕ್ಕಾವ" ಎಂದಳು. ನನಗೆ ಆಶ್ಚರ್ಯವಾಯಿತು. ನಮ್ಮ ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತೇವೆ. ಟವೆಲ್ಲಿಗೂ ಬೆಲೆಯಿಲ್ಲದ ಜಾಗದಲ್ಲಿ ಜನ ಹೇಗೆ ಬದುಕುತ್ತಾರೋ.

ನಾನು ಏರ್ಪಾಡಿಗೆ ಇಳಿದೆ. ಕೋವಲಂ ಎಂದರೆ ಕೇರಳ ಎಂದು ನನಗೆ ಮೊದಲೇ ಗೊತ್ತಿತ್ತು. ಅಷ್ಟು ದೂರ ಹೋದ ಮೇಲೆ ತಿರುವನಂತಪುರದ ಪದ್ಮನಾಭನನ್ನು ನೋಡದೆ ಬರುವುದುಂಟೇ? ದಾರಿಯಲ್ಲಿ ಗುರುವಾಯೂರು. ಆಚೆ ಕನ್ಯಾಕುಮಾರಿ. ಎದುರು ಮನೆಯ ಗುರುಪಾದಪ್ಪನವರಿಗೆ ಹೇಳಿದೆ. ಅವರು ನಿವೃತ್ತ ಕಂಡಕ್ಟರು, ಪ್ರವಾಸ ಎಂದರೆ ಸಾಕು, ಚಪ್ಪಲಿ ಹಾಕಿಕೊಂಡುಬಿಡುತ್ತಾರೆ. ಅವರು ತಮ್ಮ ಬೀಗರಿಗೆ ಹೇಳಿದರು. ಒಂದು ವಾರದಲ್ಲಿ ಟೆಂಪೋ ಟ್ರಾವೆಲರ್ ತುಂಬಿತು. ಆಗ ನಾಗವೇಣಿ, "ಸರ್, ನಾನಿರೂದು ಆ ಕೋವಲಂ ಅಲ್ಲ. ಚೆನ್ನೈ ಬಾಜೂ ಒಂದು ಕೋವಲಂ ಐತಿ, ಮೀನುಗಾರರ ಊರು" ಎಂದು ತಿಳಿಸಿದಳು. ಬೇರೆ ಯಾರಾದರೂ ಆಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ನಾನು ಟೆಂಪೋವನ್ನು ನಕ್ಷೆಯ ಮೇಲೆ ಹಾಗೇ ಪೂರ್ವಕ್ಕೆ ತಿರುಗಿಸಿದೆ. ನೋಡಿದರೆ ಆ ದಾರಿ ಇನ್ನೂ ಫಲವತ್ತಾಗಿತ್ತು. ತಿರುಪತಿ, ಕಾಳಹಸ್ತಿ, ತಿರುತ್ತಣಿ, ಕಂಚಿ. ಎಲ್ಲವನ್ನೂ ಹೊಂದಿಸಿ ಮುಗಿಸಿದಾಗ ಸಮುದ್ರಕ್ಕೆ ಒಂದು ಮಧ್ಯಾಹ್ನ ಉಳಿದಿತ್ತು. ಒಂದು ಹಲಗೆಯ ಮೇಲೆ ನಿಲ್ಲುವುದಕ್ಕೆ ಅದು ಧಾರಾಳವಾಯಿತು ಎಂದೇ ನನಗೆ ಅನ್ನಿಸಿತು.

ಇತ್ತ ಭಾರತಿ ನನ್ನನ್ನು ನಂಬಿ ತಾಲೀಮು ಶುರುಮಾಡಿದ್ದಳು. ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ಬಾಗಿಲೊಂದನ್ನು ಮಾಳಿಗೆಗೆ ಏರಿಸಿ, ಅದರ ಮೇಲೆ ಬೋರಲು ಮಲಗಿ, ಎರಡೂ ಕೈಯಿಂದ ನೀರು ಬಾಚುವ ಹಾಗೆ ಗಾಳಿ ಬಾಚಿ, ಚಂಗನೆ ಎದ್ದು ಒಂದು ಕಾಲು ಮುಂದಿಟ್ಟು ನಿಲ್ಲುವಳು. ಮತ್ತೆ ಮಲಗುವಳು, ಮತ್ತೆ ಏಳುವಳು. ದಿನಾ ಬೆಳಿಗ್ಗೆ ಇದೇ. ನಮ್ಮವ್ವ ಎಲೆ ಅಡಿಕೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಸೊಸೆ ಹೀಗೆ ಬಾಗಿಲ ಮೇಲೆ ಹೊರಳಾಡುವುದಕ್ಕೆ ಏನನ್ನುತ್ತಾಳೋ ಎಂದು ನನಗೆ ಅಳುಕಿತ್ತು. ಅವ್ವ ಬಹಳ ಹೊತ್ತು ನೋಡಿ, "ಎಡಗಾಲು ಇನ್ನೊಂದೀಟು ಮುಂದಿಡವ್ವಾ, ಜೋಲಿ ಹೊಡಿಯಾಕ ಹತ್ತಿ" ಎಂದಳು. ನಾಗವೇಣಿ ಕಳಿಸಿದ, ಮೈಗೆ ಅಂಟುವ ಉದ್ದ ತೋಳಿನ ಈಜುಡುಗೆ ಬಂದಾಗಲೂ ಅಷ್ಟೇ. ತಿರುವಿ ಮುರುವಿ ನೋಡಿ, "ನಮ್ಮ ಸೀರಿಗಿಂತ ಜಾಸ್ತಿನ ಮುಚ್ಚತೈತಿ ತಗಾ" ಎಂದು ತೀರ್ಪು ಕೊಟ್ಟಳು.

ಒಂದು ಸಂಜೆ ಭಾರತಿ ಶಾಲೆಯಿಂದ ಬಂದವಳು ಸ್ಕೂಟಿಯ ಕೀಲಿಯನ್ನೂ ತೆಗೆಯದೆ ನನ್ನ ಎದುರು ನಿಂತಳು. ದಾರಿಯಲ್ಲಿ ಗುರುಪಾದಪ್ಪನವರು ಸಿಕ್ಕು, ಕಂಚಿಯಲ್ಲಿ ರೇಷ್ಮೆ ಸೀರೆ ಕೊಳ್ಳಲು ಎಷ್ಟು ಹೊತ್ತು ಇಟ್ಟಿದ್ದೀರಿ ಎಂದು ಕೇಳಿದ್ದರಂತೆ.

"ಟೆಂಪೋದಾಗ ಎಷ್ಟು ಮಂದಿ ಅದಾರ?" ಎಂದಳು.

"ತುಂಬೇತಿ" ಎಂದೆ. ಹೆಮ್ಮೆಯಿಂದಲೇ ಎಂದೆ.

"ಸಮುದ್ರದ ಹತ್ರ ಎಷ್ಟೊತ್ತು?"

"ಒಂದು ಮಧ್ಯಾಹ್ನ. ಊಟ ಬ್ಯಾಗ ಮುಗಿಸಿದ್ರ ಇನ್ನೂ ಸ್ವಲ್ಪ..."

ಭಾರತಿ ಕುರ್ಚಿಯಲ್ಲಿ ಕೂತಳು. ಆಕೆ ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು. ಮೆಲ್ಲಗೆ ಹೇಳಿದಳು: "ನೋಡ್ರಿ, ನಾನು ಇಷ್ಟು ವರ್ಷ ಮಕ್ಕಳನ್ನ ಆಟಕ್ಕ ಕರಕೊಂಡು ಹೋಗೀನಿ. ಅವರು ಆಡೂದನ್ನ ದಂಡಿಗೆ ನಿಂತು ನೋಡೀನಿ. ಒಂದು ಸಲನಾದ್ರೂ ನಾನು ಆಡಬೇಕಂತ ಮಾಡಿದ್ದೆ. ನನಗ ಸಮುದ್ರಕ್ಕ ಹೋಗೂದೈತಿ. ನಿಮ್ಮ ಯಾತ್ರಾಕ್ಕ ನೀವು ಹೋಗಿ ಬರ್ರಿ. ನಾನು ರೈಲಿಗೆ ಹೊಕ್ಕೀನಿ."

ಒಳಗಿನಿಂದ ಅವ್ವ, "ತಮ್ಮಾ, ತಿರುಪತಿ ತಿಮ್ಮಪ್ಪ ಎಲ್ಲಿಗೂ ಹೋಗಂಗಿಲ್ಲ. ಆಕಿ ಮಣಕಾಲು ಹೋದ್ರ ಮತ್ತ ಬರಂಗಿಲ್ಲ" ಎಂದಳು. ಅದರ ಮುಂದೆ ಮಾತಾಡುವ ಶಕ್ತಿ ನನ್ನ ವಂಶದಲ್ಲಿ ಯಾರಿಗೂ ಇಲ್ಲ.

ಪ್ರವಾಸ ಹೊರಡಿಸುವುದು ಸುಲಭ, ನಿಲ್ಲಿಸುವುದು ಕಷ್ಟ. ಮಾರನೆಯ ದಿನ ನಾನು ಮನೆ ಮನೆಗೆ ಹೋದೆ. ಟೆಂಪೋ ಇಲ್ಲ ಎಂದೆ. ಡ್ರೈವರಿಗೆ ಮೈ ಹುಷಾರಿಲ್ಲ ಎನ್ನಬಹುದಿತ್ತು, ಚೆನ್ನೈನಲ್ಲಿ ಚಂಡಮಾರುತ ಎನ್ನಬಹುದಿತ್ತು. ಏನೋ, ಆವತ್ತು ಸುಳ್ಳು ಬಾಯಿಗೆ ಬರಲಿಲ್ಲ. ಗುರುಪಾದಪ್ಪನವರು ಆಗಲೇ ಸಮುದ್ರಸ್ನಾನಕ್ಕೆಂದು ಹೊಸ ಪಟ್ಟಾಪಟ್ಟಿ ಚಡ್ಡಿ ಹೊಲಿಸಿಟ್ಟಿದ್ದರು. ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಕೇಳಿದರು: "ಹಂಗಾದ್ರ ನಾವು ಬ್ಯಾಡೇನು?"

"ಈ ಸಲ ಬ್ಯಾಡ್ರಿ. ಇದು ಭಾರತಿ ಪ್ರವಾಸ."

"ಈ ವಯಸ್ಸಿನಾಗ ಆಕಿ ಆ ಅಲಿ ಮ್ಯಾಲ ನಿಂದರತಾಳೇನು?"

"ನಿಂದರತಾಳ" ಎಂದೆ. ಹೇಳಿದ ಮೇಲೆ ನನಗೇ ಧೈರ್ಯ ಬಂತು. ಒಂದು ಓಣಿಯ ಜನರನ್ನೆಲ್ಲ ಒಂದೇ ದಿನದಲ್ಲಿ ಬೇಸರಪಡಿಸಿದ್ದು ನನ್ನ ಜೀವನದ ಅತ್ಯಂತ ದೊಡ್ಡ ಏರ್ಪಾಡು ಎಂದು ಈಗಲೂ ಭಾವಿಸಿದ್ದೇನೆ.

ಬಳ್ಳಾರಿಗೆ ಬಸ್ಸು, ಅಲ್ಲಿಂದ ಗುಂತಕಲ್ಲು, ಗುಂತಕಲ್ಲಿನಿಂದ ಚೆನ್ನೈಗೆ ರೈಲು. ನಾವಿಬ್ಬರೇ. ಮಧ್ಯಾಹ್ನ ಕೋವಲಂ ಮುಟ್ಟಿ ದಂಡೆಗೆ ಓಡಿದೆವು. ಸಮುದ್ರ ನಮ್ಮ ಕೆರೆಯ ಹಾಗೆ ಸುಮ್ಮನೆ ಮಲಗಿತ್ತು. ಪಾಯಿಂಟಿನಲ್ಲಿ ಹಲಗೆಗಳ ಮೇಲೆ ಜನ ಕಾಲು ಇಳಿಬಿಟ್ಟು, ಬರದ ಬಸ್ಸಿಗೆ ಕಾದವರ ಹಾಗೆ ಕೂತಿದ್ದರು. "ಇವತ್ತು ಅಲಿ ರಜಾ ಹಾಕೇತಿ ಸರ್" ಎಂದಳು ನಾಗವೇಣಿ. ಬಿಸಿಲಿಗೆ ಕಪ್ಪಾಗಿ, ಕೂದಲು ಕೆಂಚಾಗಿ, ಎತ್ತರ ಬೆಳೆದು ನಿಂತಿದ್ದಳು. ಟೀಚರ ಕಾಲು ಮುಟ್ಟಿ ನಮಸ್ಕರಿಸಿ, ಎದ್ದವಳೇ ಅಪ್ಪಿಕೊಂಡಳು. ನನ್ನ ತಲೆಗೆ ಒಂದು ಯೋಚನೆ ಹೊಕ್ಕಿತು: ನನ್ನ ಹಳೆಯ ಏರ್ಪಾಡಿನ ಪ್ರಕಾರ ಬಂದಿದ್ದರೆ ನಮಗೆ ಸಿಗುತ್ತಿದ್ದದ್ದು ಇದೇ ಒಂದು ಮಧ್ಯಾಹ್ನ. ಭಾರತಿ ನನ್ನ ಮುಖ ನೋಡಿ, "ಇರಲಿ ಬಿಡ್ರಿ" ಎಂದಳು.

ಮರುದಿನ ಬೆಳಿಗ್ಗೆ ಸಮುದ್ರ ಎದ್ದಿತ್ತು. ಪಾಯಿಂಟಿನ ಮೂಗಿನಿಂದ ಅಲೆಗಳು ಒಂದರ ಹಿಂದೆ ಒಂದು ಸುರುಳಿ ಬಿಚ್ಚುತ್ತ ಬರುತ್ತಿದ್ದವು; ಒಂದೊಂದಕ್ಕೂ ನುರಿತವರು ಹೊಂಚು ಹಾಕಿ ಕೂತಿದ್ದರು. ಮೊದಲು ನಾಗವೇಣಿ ಟೀಚರನ್ನು ದಂಡೆಯ ಹತ್ತಿರದ ನೊರೆಯಲ್ಲೇ ಆಡಿಸಿದಳು. ಭಾರತಿ ಬಿದ್ದಳು. ಮುಂದಕ್ಕೆ ಬಿದ್ದಳು, ಪಕ್ಕಕ್ಕೆ ಬಿದ್ದಳು, ಒಮ್ಮೆ ಹಲಗೆ ಮೇಲಾಗಿ ತಾನು ಕೆಳಗಾದಳು. ಪ್ರತಿ ಸಲವೂ ನಾನು ದಂಡೆಯಲ್ಲಿ ಉಸಿರು ಹಿಡಿದು ನಿಲ್ಲುತ್ತಿದ್ದೆ. ಆಕೆ ಮೇಲೆ ಬಂದ ಮೇಲೇ ಬಿಡುತ್ತಿದ್ದೆ. ಆಮೇಲೆ ಇಬ್ಬರೂ ಪಾಯಿಂಟಿನ ಬಾಲಕ್ಕೆ, ಅಲೆ ಸ್ವಲ್ಪ ಮೆತ್ತಗಾಗುವ ಜಾಗಕ್ಕೆ ಹೋದರು. ಅಲ್ಲಿಯೂ ಜನ. ನಾಗವೇಣಿ ಹಲಗೆಯ ಮೇಲೆ ಎದ್ದು ಕೂತು ಅವರತ್ತ ತಿರುಗಿ ತಮಿಳಿನಲ್ಲಿ ಏನೋ ಕೂಗಿ ಹೇಳಿದಳು. ಆಮೇಲೆ ತಿಳಿಯಿತು, ಆಕೆ ಹೇಳಿದ್ದು ಇಷ್ಟೇ: ಇವರು ನನಗೆ ಈಜು ಕಲಿಸಿದ ಟೀಚರು.

ಒಂದು ಒಳ್ಳೆಯ ಅಲೆ ಬಂತು. ನೀರು ತಿಳಿಯದ ನನಗೂ ಅದು ಒಳ್ಳೆಯದೆಂದು ತಿಳಿಯುವಂಥ ಅಲೆ. ಪಾಯಿಂಟಿನ ತುದಿಯಲ್ಲಿದ್ದವರು ಯಾರೂ ಅದನ್ನು ಹತ್ತಲಿಲ್ಲ. ಒಬ್ಬರಾದ ಮೇಲೊಬ್ಬರು ಹಲಗೆ ಹಿಂದಕ್ಕೆ ಎಳೆದುಕೊಂಡು ಬಿಟ್ಟುಕೊಟ್ಟರು. ಖಾಲಿ ಅಲೆ ನನ್ನ ಹೆಂಡತಿಯ ಕಡೆಗೆ ಬಂತು. ನಾಗವೇಣಿ ಹಿಂದಿನಿಂದ ಹಲಗೆ ದಬ್ಬಿದಳು. ಭಾರತಿ ಕೈಯೆರಡೂ ಊರಿ, ಎದ್ದು, ಎಡಗಾಲು ಮುಂದಿಟ್ಟು ನಿಂತಳು. ಸೊಂಟ ಬಗ್ಗಿಸಿ, ಕೈ ಚಾಚಿ, ಹಲವಾಗಲಿನ ಹುಡುಗಿ ಬಂಗಾಳ ಕೊಲ್ಲಿಯ ಮೇಲೆ ನಿಂತುಕೊಂಡು ಬಂದಳು. ದಂಡೆಯ ಹತ್ತಿರದವರೆಗೂ ಬಂದಳು. ಹಿಂದೆ ಹಲಗೆಗಳ ಮೇಲಿದ್ದವರೆಲ್ಲ ಅಂಗೈಯಿಂದ ನೀರು ಬಡಿದು ಸದ್ದು ಮಾಡಿದರು.

ನಾನು ಏನು ಮಾಡಿದೆ ಎಂದು ಸರಿಯಾಗಿ ನೆನಪಿಲ್ಲ. ಪಕ್ಕದಲ್ಲಿ ಮೀನು ಬಲೆ ಬಿಡಿಸುತ್ತಿದ್ದ ಅಜ್ಜಿಗೆ "ಆಕಿ ನನ್ನ ಹೇಣ್ತಿ, ಅಜ್ಜಿ" ಎಂದು ಕನ್ನಡದಲ್ಲಿ ಮೇಲಿಂದ ಮೇಲೆ ಹೇಳಿದೆನಂತೆ. ಅಜ್ಜಿ ತಮಿಳಿನಲ್ಲಿ ಏನೋ ಅಂದು ಒಂದು ಟವೆಲ್ಲು ಕೊಟ್ಟಳು. ಆಗಲೇ ನನಗೆ ಗೊತ್ತಾದದ್ದು, ನಾನು ಪ್ಯಾಂಟು ಷರ್ಟಿನ ಸಮೇತ ಎದೆಮಟ್ಟದ ನೀರಿಗೆ ಹೋಗಿ ಬಂದಿದ್ದೆ ಎಂದು. ಭಾರತಿ ನೀರಿನಿಂದ ಎದ್ದು ಬಂದು ಕಣ್ಣು ಒರೆಸಿಕೊಂಡು, "ನೀವ್ಯಾಕ ತೋಯಿಸಿಕೊಂಡಿರಿ?" ಎಂದಳು. ನಾಗವೇಣಿಗೂ ಕಣ್ಣು ಕೆಂಪಾಗಿದ್ದವು. ಉಪ್ಪುನೀರು ಎಂದಳು.

ಹೊರಡುವ ದಿನ ಇಬ್ಬರೂ ಸೇರಿ ನನ್ನನ್ನು ಬಿಡಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ಹಲಗೆಯ ಮೇಲೆ ಬೋರಲು ಮಲಗಿಸಿದರು. ಒಂದು ಸಣ್ಣ ನೊರೆ ಬಂದು ನನ್ನನ್ನು ಟಪಾಲಿನ ಹಾಗೆ ದಂಡೆಗೆ ಮುಟ್ಟಿಸಿತು. ಏಳಬೇಕೆಂದು ಮನಸ್ಸಿತ್ತು, ಹೊಟ್ಟೆ ಒಪ್ಪಲಿಲ್ಲ. "ಮಸ್ತ್ ಆತು ಸರ್" ಎಂದಳು ನಾಗವೇಣಿ. ಒಳ್ಳೆಯ ಗುರುಗಳು ಹೀಗೆ ಸುಳ್ಳು ಹೇಳುವುದನ್ನೂ ಕಲಿತಿರುತ್ತಾರೆ.

ಊರಿಗೆ ಬಂದ ಮೇಲೆ ಈ ಕಥೆಯನ್ನು ನಾನು ಹೇಳದ ಮನೆಯಿಲ್ಲ. ಕಚೇರಿಯಲ್ಲಿ ಹೇಳಿದ್ದೇನೆ, ಕೊಟ್ಟೂರಿನ ಮದುವೆಯೊಂದರಲ್ಲಿ ಊಟದ ಪಂಕ್ತಿಯುದ್ದಕ್ಕೂ ಹೇಳಿದ್ದೇನೆ. ಗುರುಪಾದಪ್ಪನವರಿಗೆ, ಸಿಟ್ಟು ಇಳಿಯಲಿ ಎಂದು, ಎರಡು ಸಲ ಹೇಳಿದ್ದೇನೆ. ಹೇಳುವಾಗ ಒಂದು ಸಣ್ಣ ಬದಲಾವಣೆ ತಾನಾಗಿಯೇ ಬಂದು ಸೇರಿದೆ: "ನಾವು ಅಲೆಯ ಮೇಲೆ ನಿಂತೆವು" ಎನ್ನುತ್ತೇನೆ. ಭಾರತಿ ಅದನ್ನು ಕೇಳಿಸಿಕೊಂಡರೂ ತಿದ್ದುವುದಿಲ್ಲ, ಚಹಾದ ಲೋಟದೊಳಗೆ ನಗುತ್ತಾಳೆ. ಆದರೆ ಗುರುಪಾದಪ್ಪನವರು ಬಿಡುವ ಆಸಾಮಿಯಲ್ಲ. "ನಾವು ಅಂದ್ರ ಯಾರ್ಯಾರಪ್ಪಾ?" ಎಂದು ಕೇಳಿದರು. ಶಾಲೆಯಲ್ಲಿ ವ್ಯಾಕರಣ ಕಲಿತದ್ದು ಆವತ್ತು ಉಪಯೋಗಕ್ಕೆ ಬಂತು. 'ನಾವು' ಎಂದರೆ ಅವಳು ಮತ್ತು ನಾನು; 'ಅವಳು' ಎಂದರೆ ಪ್ರಥಮ ಪುರುಷ, ಅದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಉತ್ತಮ ಪುರುಷ ಎಂದರೆ 'ನಾನು', ಅದನ್ನು ವ್ಯಾಕರಣ ಬರೆದವರೇ ಹೇಳಿದ್ದಾರೆ ಎಂದೆ.